ಬಾಗಿಲ ಸಂದು

ಅತ್ತೆಯ ಟೀವಿಯಲ್ಲಿ ಗಂಟೆ ಬಾರಿಸಿದಾಗ ಇನೋಕಾ ಹಿಡಿದಿದ್ದ ವೆಲ್ಡಿಂಗ್ ಕಡ್ಡಿಯ ತುದಿ ಇನ್ನೂ ಕೆಂಪಗಿತ್ತು. ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನೋನಗತೆ ಹಿಡಿಯಿತು. ಸಿಂಹಳದ ಹಳೆಯ ವರ್ಷಕ್ಕೂ ಹೊಸ ವರ್ಷಕ್ಕೂ ಸೇರದ ಈ ಹೊತ್ತಿನಲ್ಲಿ ಒಲೆ ಹೊತ್ತಿಸುವಂತಿಲ್ಲ, ತುತ್ತು ಬಾಯಿಗಿಡುವಂತಿಲ್ಲ, ಹತ್ಯಾರು ಮುಟ್ಟುವಂತಿಲ್ಲ. ಮಧ್ಯಾಹ್ನ ಮೂರೂವರೆಗೆ ಒಲೆ. ಐದು ಗಂಟೆ ಐದು ನಿಮಿಷಕ್ಕೆ ಬಿಳಿ ಬಟ್ಟೆ ಉಟ್ಟು, ದಕ್ಷಿಣಕ್ಕೆ ಮುಖ ಮಾಡಿ, ವರ್ಷದ ಮೊದಲ ಕೆಲಸ. ಅಲ್ಲಿಯವರೆಗೆ ದೇವಸ್ಥಾನಕ್ಕೆ ಹೋಗಬಹುದು, ಇಲ್ಲವೇ ಕೈಕಟ್ಟಿ ಕೂರಬಹುದು. "ಸಾಕು ಬಿಡು ಮಗಳೇ, ಕರೆಂಟ್ ತೆಗಿ," ಅಂದರು ಮಾಮ, ಶೆಡ್ಡಿನ ಬಾಗಿಲಲ್ಲಿ ನಿಂತು. ಅವರ ಮುಖ ರಿಪೇರಿಗೆ ಬಂದ ಕಾರಿನ ಕಡೆಗೇ ಇತ್ತು, ಆದರೆ ಒಂದು ಗೇಣು ಪಕ್ಕಕ್ಕೆ, ಕಾರಿನಾಚೆಯ ಗೋಡೆಯ ಮೇಲೆ. "ಅಡ್ಡಕಂಬಿ ಗಟ್ಟಿಯಾಗಿ ಕೂತಿದೆ ತಾನೇ?" ಅವಳು ಕಡ್ಡಿಯನ್ನು ನೀರಿಗೆ ಅದ್ದಿದಳು. ಅದು ಚುಂಯ್ ಎಂದಿತು. "ಹ್ಞೂಂ ಮಾಮಾ." ಅಡ್ಡಕಂಬಿ ಗೋಡೆಗೆ ಒರಗಿ ನಿಂತಿತ್ತು, ನಿನ್ನೆ ಮಧ್ಯಾಹ್ನ ಅವಳು ಒರಗಿಸಿಟ್ಟ ಜಾಗದಲ್ಲೇ. ಮಾಮ ನೋಡುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ.

ಮಾಮನ ಕಣ್ಣು ಹೋದದ್ದು ಮೂವರಿಗೆ ಮಾತ್ರ ಗೊತ್ತು: ಮಾಮನಿಗೆ, ಅತ್ತೆಗೆ, ಅವಳಿಗೆ. ನಲವತ್ತು ವರ್ಷ ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಲ್ಲಿ ನೋಡಿದ್ದಕ್ಕೆ ಈಗ ಅವರಿಗೆ ಎಲ್ಲದರ ನಡುವೆಯೂ ಒಂದು ಕಪ್ಪು ಬೊಟ್ಟು. ಬದಿಯಲ್ಲಿ ಮಾತ್ರ ಸ್ವಲ್ಪ ನೆರಳು, ಸ್ವಲ್ಪ ಬೆಳಕು. ಗಿರಾಕಿ ಬಂದಾಗ ಅವರು ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ, ಅಲ್ಲಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟುತ್ತಾರೆ, ಸದ್ದು ಕೇಳಿಯೇ ಎಲ್ಲಿ ತಗಡು ಇದೆ, ಎಲ್ಲಿ ಬರೀ ಪುಟ್ಟಿ ಮೆತ್ತಿದ್ದಾರೆ ಎಂದು ಹೇಳಿಬಿಡುತ್ತಾರೆ. ಬಾಲಪಿಟಿಯದಿಂದ ಅಂಬಲಂಗೊಡದವರೆಗೆ ವಿಮಲದಾಸ ಬಾಸ್ ಎಂದು ಮಾಮನ ಹೆಸರು ನಿಂತಿದ್ದೇ ಅದರಿಂದ. ಕೆಲಸ ಮುಗಿದ ಮೇಲೆ ಅವರು ಕಾರಿನ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳುತ್ತಾರೆ. ಬಾಗಿಲು ತಾನಾಗಿ ಹೋಗಿ ಕ್ಲಿಕ್ ಎಂದು ಕೂತರೆ ಗಿರಾಕಿಯ ಕೈಗೆ ಬೀಗದಕೈ ಕೊಡುತ್ತಾರೆ. ಆ ಒಂದು ಕ್ಲಿಕ್‌ಗೋಸ್ಕರ ಜನ ಹೊಸ ಪೇಂಟಿಂಗ್ ಶೆಡ್ಡುಗಳನ್ನು ದಾಟಿ ಇಲ್ಲಿಗೆ ಬರುತ್ತಾರೆ. ಕೊಯ್ಯುವುದು, ಬಡಿಯುವುದು, ಬೆಸೆಯುವುದು ಮೂರು ವರ್ಷದಿಂದ ಇನೋಕಾಳೇ ಎಂದು ತಿಳಿದರೆ ಯಾರೂ ಬರುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಯ ಕೈಗೆ ಕಾರು ಕೊಡುವವರು ಯಾರು? ಅವಳು ಬಾಸ್ ಹೇಳಿದ್ದನ್ನು ಎತ್ತಿಕೊಡುವವಳು. ಅಷ್ಟೆಂದೇ ಊರು ತಿಳಿದಿದೆ. ಹಾಗೆ ತಿಳಿದಿದ್ದೇ ಅವಳಿಗೂ ಒಳ್ಳೆಯದಾಗಿತ್ತು. ಯಾರೂ ಅವಳೊಂದಿಗೆ ಮಾತಾಡುತ್ತಿರಲಿಲ್ಲ.

ಅವಳು ಕೈ ತೊಳೆದು ಅಂಗಳಕ್ಕೆ ಬಂದಳು. ಗಾಲೆ ರಸ್ತೆಯಲ್ಲಿ ವಾಹನವೇ ಇರಲಿಲ್ಲ. ರಸ್ತೆಯಾಚೆ ರೈಲು ಹಳಿ, ಹಳಿಯಾಚೆ ಸಮುದ್ರ. ಗಾಳಿ ಬೀಸಿದಾಗ ತುಟಿ ಉಪ್ಪಾಗುತ್ತಿತ್ತು. ಈ ಗಾಳಿ ಕಿಟಕಿಯ ಕಂಬಿಯನ್ನು ತಿಂದಿದೆ, ಬಾವಿಯ ರಾಟೆಯನ್ನು ತಿಂದಿದೆ, ಕಾರುಗಳನ್ನಂತೂ ಚಕ್ರದ ಮೇಲಿನ ಕಮಾನಿನಿಂದಲೇ ತಿನ್ನಲು ಶುರುಮಾಡುತ್ತದೆ, ಯಾಕೆಂದರೆ ಚಕ್ರ ಎಸೆದ ಒದ್ದೆ ಮರಳು ಅಲ್ಲೇ ಒಳಗೆ ಕೂತು ಒಣಗುವುದೇ ಇಲ್ಲ. ಈಗ ಶೆಡ್ಡಿನಲ್ಲಿದ್ದ, ಶಾಲೆಯ ಅಮರತುಂಗ ಸರ್ ಅವರ ಕಾರೂ ಹಾಗೇ. ಒಂದು-ಶ್ರೀ ಎಂದು ನಂಬರ್ ಪ್ಲೇಟಿರುವ, ಬೆನ್ನು ಗುಂಡಗಿರುವ, ನಾಲ್ಕು ಬಾಗಿಲಿನ ಹಳೆಯ ಕಾರು. ಹೊರಗಿನಿಂದ ಕಮಾನಿನ ಮೇಲೆ ನಾಲ್ಕು ಗುಳ್ಳೆ, ಅಷ್ಟೇ. ಅವಳು ಚಾಣದಿಂದ ಮೆಲ್ಲಗೆ ಕೆದಕಿದಾಗ ಚಾಣ ಒಳಗೆ ಇಳಿದುಹೋಯಿತು. ಒಳಕಮಾನು, ಹೊರಕಮಾನು, ಬಾಗಿಲ ಕೆಳಗಿನ ಪಟ್ಟಿಯ ತುದಿ, ಎಲ್ಲ ಬಿಸ್ಕತ್ತಿನ ಹಾಗೆ ಪುಡಿ. ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸುವವರಿದ್ದಾರೆ. ಮಾಮ ಹಾಗಲ್ಲ. ಒಳ್ಳೆಯ ತಗಡು ಸಿಗುವವರೆಗೆ ಕೊಯ್ಯಬೇಕು, ಹೊಸ ಕಮಾನು ಬಡಿದು ಕೂರಿಸಬೇಕು. ಆದರೆ ಅಷ್ಟು ಕೊಯ್ದರೆ ಕಾರಿನ ಹಿಂಭಾಗಕ್ಕೆ ಆಧಾರವೇ ಇರುವುದಿಲ್ಲ. ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಅದಕ್ಕೆ ಕೊಯ್ಯುವ ಮೊದಲು ಹಿಂಬಾಗಿಲ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಒಂದು ಕಬ್ಬಿಣದ ಕಂಬಿ ಬೆಸೆಯಬೇಕು. "ಮೊದಲು ಅಡ್ಡ, ಆಮೇಲೆ ಕೊಯ್ತ. ನಾನು ಸತ್ತರೂ ಇದನ್ನ ಮರೀಬೇಡ," ಎಂದು ಮಾಮ ಅವಳಿಗೆ ಮೊದಲ ದಿನವೇ ಹೇಳಿದ್ದರು.

ಅವಳು ಮರೆತಿರಲಿಲ್ಲ. ಅದೇ ಅವಳನ್ನು ಈಗ ಕೊರೆಯುತ್ತಿದ್ದದ್ದು. ನಿನ್ನೆ ಮಧ್ಯಾಹ್ನ ಕಂಬಿಯನ್ನು ಅಳತೆಗೆ ಕೊಯ್ದು, ಚೌಕಟ್ಟಿಗೆ ಹಿಡಿದು, ಒಂದು ತುದಿಗೆ ಬೆಸುಗೆಯ ಚುಕ್ಕಿಯನ್ನೂ ಇಟ್ಟಿದ್ದಳು. ಆಗ ಸರ್ ಬಂದರು. ಕುರ್ಚಿ ಎಳೆದುಕೊಂಡು ಕಾರಿನ ಎದುರೇ ಕೂತರು, ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆ, ಕಾಲ ಮೇಲೆ ಕಾಲು ಹಾಕಿ. "ಬಾಸ್ ಎಲ್ಲಿ?" ಅಂದರು. ಮಾಮ ಪೇಟೆಗೆ ಹೋಗಿದ್ದರು. ಅವಳು ತಲೆಯಾಡಿಸಿ ರಸ್ತೆಯ ಕಡೆ ಕೈ ತೋರಿದಳು. "ಇನ್ನೂ ಬಾಯಿ ಬಂದಿಲ್ವಾ ನಿನಗೆ?" ಎಂದು ಸರ್ ನಕ್ಕರು. ಅವರಿಗೆ ಅದು ತಮಾಷೆ. ಆಮೇಲೆ ಕಾರಿನ ಒಳಗೆ ಇಣುಕಿ, "ಇದೇನಿದು ಅಡ್ಡ? ಹಿಂದಿನ ಸೀಟಿನ ಕೆಳಗೆ ನನ್ನ ಪುಸ್ತಕದ ಕಟ್ಟು ಇದೆ, ತೆಗೀಬೇಕು. ಇದನ್ನ ತೆಗಿ," ಅಂದರು. ತೆಗೆಯಬಾರದು ಸರ್. ಒಂದು ನಿಮಿಷ ತಡೀರಿ ಸರ್, ನಾನೇ ಆಚೆ ಬಾಗಿಲಿನಿಂದ ತೆಗೆದುಕೊಡುತ್ತೇನೆ. ಅವಳು ಹೇಳಬೇಕಾಗಿದ್ದದ್ದು ಇಷ್ಟೇ ಮಾತು. ಅವಳು ಚುಕ್ಕಿಯನ್ನು ಮುರಿದು ಕಂಬಿಯನ್ನು ಗೋಡೆಗೆ ಒರಗಿಸಿಟ್ಟಳು. ಸರ್ ಕಟ್ಟು ತೆಗೆದುಕೊಂಡು ಮತ್ತೆ ಅಲ್ಲೇ ಕೂತರು. "ಹ್ಞಾಂ, ನಡೀಲಿ ಕೆಲಸ. ನೋಡೋಣ, ಬಾಸ್ ಏನು ಕಲಿಸಿದಾನೆ ಅಂತ." ಮತ್ತೆ ಕಂಬಿ ಎತ್ತಿಕೊಂಡರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೇಳಬೇಕು. ಬೆನ್ನಿನ ಮೇಲೆ ಆ ಕಣ್ಣುಗಳು ಇರುವಾಗ ಅವಳಿಗೆ ಬೇಕಾಗಿದ್ದದ್ದು ಕಟರಿನ ಸದ್ದು ಮಾತ್ರ, ಯಾರ ಮಾತೂ ಕೇಳಿಸದಷ್ಟು ದೊಡ್ಡ ಸದ್ದು. ಅವಳು ಕಟರ್ ಹಚ್ಚಿದಳು.

ಏಳು ವರ್ಷದ ಹಿಂದೆಯೂ ಆ ಕಣ್ಣುಗಳು ಬೆನ್ನ ಮೇಲೇ ಇದ್ದವು. ಪುಸ್ತಕ ಹಿಡಿದು ಎದ್ದು ನಿಂತು ಓದಬೇಕಿತ್ತು. ಅವಳಿಗೆ ಓದಲು ಬರುತ್ತಿತ್ತು, ಮನೆಯಲ್ಲಿ ಪೂರ್ತಿ ಪಾಠ ಬಾಯಿಪಾಠವಾಗಿತ್ತು. ಎದ್ದು ನಿಂತಳು, ಅಷ್ಟೇ. "ಮೂಗಿ," ಅಂದರು ಸರ್, ಸಿಟ್ಟಿನಿಂದಲೂ ಅಲ್ಲ, ಹಾಜರಿ ಹಾಕುವ ದನಿಯಲ್ಲಿ. "ಬಾಯಿ ಬರೋವರೆಗೂ ಗೋಡೆಗೆ ಮುಖ ಮಾಡಿ ನಿಲ್ಲು." ಗೋಡೆಯ ಸುಣ್ಣದಲ್ಲಿ ಒಂದು ಬಿರುಕು ಮೇಲಿನಿಂದ ಕೆಳಗೆ ಬರುತ್ತ ಎರಡಾಗಿ ಒಡೆಯುತ್ತಿತ್ತು. ಗಂಟೆ ಹೊಡೆಯುವವರೆಗೆ ಅವಳು ಅದನ್ನೇ ನೋಡಿದಳು. ಮರುದಿನವೂ ನಿಂತಳು. ಮೂರನೇ ದಿನ ಶಾಲೆಗೆ ಹೋಗದೆ ಮಾಮನ ಶೆಡ್ಡಿಗೆ ಬಂದಳು. ಯಾಕೆ ಬಂದೆ ಎಂದು ಮಾಮ ಕೇಳಲಿಲ್ಲ, ಒಂದು ಸುತ್ತಿಗೆ ಕೊಟ್ಟರು. ನಿನ್ನೆ ಒಳಕಮಾನನ್ನು ಕೊಯ್ದು ತೆಗೆದಾಗ ಮರಳಿನ ಜೊತೆ ಒಂದು ಬಿಳಿಯ ತುಂಡು ಉದುರಿತು. ಸೀಮೆಸುಣ್ಣ. ಎಷ್ಟೋ ವರ್ಷದ ಹಿಂದೆ ಸರ್ ಜೇಬಿನಿಂದ ಜಾರಿ, ಸೀಟಿನ ಸಂದಿನಲ್ಲಿ ಇಳಿದು, ತುಕ್ಕಿನ ತೂತಿನಿಂದ ಕಮಾನಿನೊಳಗೆ ಬಿದ್ದಿರಬೇಕು. ಸರ್ ಆಗ ಪೇಪರು ಓದುತ್ತಿದ್ದರು. ಅವಳು ಅದನ್ನು ಜೇಬಿಗೆ ಹಾಕಿಕೊಂಡಳು.

"ಏ ಹುಡುಗಿ, ಯಾಕೆ ಹಾಗೆ ಶೆಡ್ಡಿನ ಸುತ್ತ ಬೆಕ್ಕಿನ ಹಾಗೆ ತಿರುಗ್ತೀಯಾ?" ಅತ್ತೆ ಸೀಲವತಿ ಜಗಲಿಯಿಂದ ಕೂಗಿದಳು. "ದೇವಸ್ಥಾನಕ್ಕೆ ಹೋಗಿ ಹೂವಿಟ್ಟು ಬಾ. ವರ್ಷವೆಲ್ಲಾ ಎಣ್ಣೆ ಗ್ರೀಸು ಮೆತ್ತಿಕೊಂಡಿರ್ತೀಯ, ಒಂದು ದಿನವಾದ್ರೂ ಹುಡುಗಿ ಹಾಗೆ ಇರು." "ಇರಲಿ ಬಿಡೇ," ಅಂದರು ಮಾಮ, ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದಾಗ ಅವರು ಎಲ್ಲರ ಹಾಗೇ ಕಾಣುತ್ತಿದ್ದರು. "ನಿನಗೇನು ಗೊತ್ತು, ಕೆಲಸದವರಿಗೆ ಈ ಹೊತ್ತು ಕಳೆಯೋದೇ ಕಷ್ಟ. ಕೈ ತುರಿಸ್ತದೆ." ಆಮೇಲೆ ಅವಳ ಕಡೆ ಮುಖ ತಿರುಗಿಸಿ, "ಸಂಜೆ ಸರ್‌ನ ಕರೆದಿದ್ದೀನಿ ಮಗಳೇ. ಹೆಂಡತಿ ಮಾತರ ಊರಿಗೆ ಹೋಗಿದಾಳಂತೆ, ಹದಿನಾರನೇ ತಾರೀಕು ಈ ಕಾರಲ್ಲೇ ಹೋಗಿ ಕರ್ಕೊಂಡು ಬರಬೇಕಂತೆ. ನಕತ್ ಮುಹೂರ್ತಕ್ಕೆ ಸರಿಯಾಗಿ ಅವರ ಎದುರೇ ಬಾಗಿಲು ಹಾಕಿ ತೋರಿಸ್ತೀನಿ. ವರ್ಷದ ಮೊದಲ ಕೆಲಸ ಅದೇ ಆಗ್ಲಿ. ಮೊನ್ನೆ ಟೀ ಅಂಗಡೀಲಿ ಯಾರೋ ನನ್ನ ಕಣ್ಣಿನ ಸುದ್ದಿ ಎತ್ತಿದ್ರಂತೆ. ಸರ್ ಒಂದು ಮಾತು ಒಳ್ಳೇದು ಹೇಳಿದ್ರೆ ಊರೆಲ್ಲಾ ಸುಮ್ಮನಾಗತ್ತೆ." ಅವರು ತಮ್ಮ ತೋರುಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳಿ, ನಾಲಿಗೆಯಿಂದ ಕ್ಲಿಕ್ ಎಂದರು. ಅತ್ತೆ ನಕ್ಕಳು.

ಹನ್ನೊಂದಕ್ಕೆ ಇಬ್ಬರೂ ದೇವಸ್ಥಾನಕ್ಕೆ ಹೋದರು. ಮಾಮ ಅತ್ತೆಯ ಹೆಗಲ ಮೇಲೆ ಕೈಯಿಟ್ಟು, ನೋಡಿದವರು ಅದನ್ನು ಪ್ರೀತಿ ಎಂದುಕೊಳ್ಳುವ ಹಾಗೆ, ಹಳಿಯ ಪಕ್ಕದಲ್ಲಿ ನಡೆದುಹೋದರು. ಅವಳು ಶೆಡ್ಡಿನೊಳಗೆ ಬಂದಳು. ಹತ್ಯಾರು ಮುಟ್ಟುವುದಿಲ್ಲ, ಬಾಗಿಲು ಮಾತ್ರ ಎಂದುಕೊಂಡಳು. ಬಾಗಿಲು ಹತ್ಯಾರಲ್ಲ. ಹಿಂಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದಳು. ಅದು ಬಂದು ಕೆಳಗಡೆ ಹೊಸ ಕಮಾನಿನ ಅಂಚಿಗೆ ಟಕ್ ಎಂದು ಬಡಿದು ನಿಂತಿತು. ಬೆಳಿಗ್ಗೆಯೂ ಹಾಗೇ ನಿಂತಿತ್ತು. ಈಗ ಇನ್ನೂ ಸ್ವಲ್ಪ ಮೊದಲೇ ನಿಂತಿತು ಎನಿಸಿತು. ಅವಳು ಬಗ್ಗಿ ಸಂದನ್ನು ನೋಡಿದಳು. ಮೇಲೆ ಎರಡು ಬೆರಳು ಹೋಗುವಷ್ಟು ತೆರೆದಿತ್ತು, ಕೆಳಗೆ ಕಾಗದವೂ ತೂರುವಂತಿರಲಿಲ್ಲ. ಕಾರಿನ ಬಾಲ ಜಗ್ಗಿತ್ತು. ಜಗ್ಗಿದ ಹಾಗೇ ಅವಳು ಹೊಸ ಕಮಾನಿಗೆ ಹನ್ನೆರಡು ಚುಕ್ಕಿ ಇಟ್ಟು ಬಿಗಿದುಬಿಟ್ಟಿದ್ದಳು. ಬರಿಯ ತಗಡು, ಬಣ್ಣ ಕಾಣದ್ದು, ಈ ಗಾಳಿಗೆ ಆಗಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಬೆರಳಿಂದ ಒರೆಸಿದಳು. ಬೆರಳಿಗೆ ಬಂತು, ತಗಡಿನಿಂದ ಹೋಗಲಿಲ್ಲ.

ಜ್ಯಾಕ್ ಅವಳ ಕಾಲ ಬಳಿಯೇ ಇತ್ತು. ಬಾಲದ ಕೆಳಗೆ ಇಟ್ಟು ನಾಲ್ಕು ಸುತ್ತು ತಿರುಗಿಸಿದರೆ ಸಂದು ಸರಿಹೋಗಬಹುದು. ಸರಿಹೋದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ನೋನಗತೆಯಲ್ಲಿ ಹತ್ಯಾರು ಹಿಡಿದವರ ಕೈ ವರ್ಷವೆಲ್ಲ ಸುಮ್ಮನಿರುತ್ತದೆ, ಕೆಲಸವೇ ಸಿಗುವುದಿಲ್ಲ ಎಂದು ಅತ್ತೆ ಹೇಳುತ್ತಾಳೆ. ಅವಳು ಅದನ್ನು ನಂಬುತ್ತಿದ್ದಳೋ ಇಲ್ಲವೋ ಅವಳಿಗೇ ತಿಳಿಯದು. ಆದರೆ ಕೈ ಚಾಚುವ ಮೊದಲು ರಸ್ತೆಯ ಕಡೆ ಒಮ್ಮೆ ನೋಡಿದಳು. ಜ್ಯಾಕ್ ಇಟ್ಟಳು. ಒಂದು ಸುತ್ತು. ಕಿರ್ರೆಂದಿತು. ಹೊರಗೆ ಕೋಗಿಲೆ ಕೂಗುವುದನ್ನು ನಿಲ್ಲಿಸಿತೋ, ಅವಳಿಗೆ ಹಾಗೆ ಕೇಳಿಸಿತೋ. ಎರಡು ಸುತ್ತು. ಬಾಲ ಒಂದು ಕೂದಲಿನಷ್ಟು ಎದ್ದಿತು. ಮೂರನೆಯದಕ್ಕೆ ಒಳಗೆಲ್ಲೋ ಟಿಣ್ ಎಂದು ಒಂದು ಚುಕ್ಕಿ ಬಿಟ್ಟುಕೊಂಡಿತು. ಬಸ್ಸಿನಲ್ಲಿ ಪಕ್ಕದವರ ಬಳೆ ಒಡೆದ ಹಾಗೆ, ಸಣ್ಣ ಸದ್ದು. ಹೊಸ ಕಮಾನಿನ ತುದಿ ತಗಡಿನಿಂದ ಬಿಡಿಸಿಕೊಂಡು ಕಿವಿಯ ಹಾಗೆ ಹೊರಗೆ ಬಾಗಿತು. ಅವಳು ಜ್ಯಾಕನ್ನು ಇಳಿಸಿ, ಇದ್ದ ಜಾಗಕ್ಕೇ ತಳ್ಳಿ, ಅದರ ಗುರುತು ಬಿದ್ದಿದ್ದ ಧೂಳನ್ನು ಕಾಲಿನಿಂದ ಹರಡಿದಳು. ಹೀಗೆ ಹರಡುವಾಗ, ತಾನು ಯಾರಿಂದ ಮುಚ್ಚಿಡುತ್ತಿದ್ದೇನೆ ಎಂದು ಹೊಳೆಯಿತು. ಧೂಳಿನ ಗುರುತು ಕಾಣುವ ಕಣ್ಣು ಈ ಶೆಡ್ಡಿನಲ್ಲಿ ಇದ್ದದ್ದು ಅವಳಿಗೊಬ್ಬಳಿಗೇ.

ಮೂರೂವರೆಗೆ ಊರೆಲ್ಲ ಪಟಾಕಿ. ಅತ್ತೆ ಮಡಕೆಯಲ್ಲಿ ಹಾಲು ಉಕ್ಕಿಸಿದಳು. ಹಾಲು ಎಲ್ಲಾ ಕಡೆಗೂ ಸಮನಾಗಿ ಉಕ್ಕಿತು ಎಂದು ಸಂತೋಷಪಟ್ಟಳು. ಪಕ್ಕದ ಮನೆಯ ಹೆಂಗಸರು ದೊಡ್ಡ ರಬಾನ ತಮಟೆಯ ಸುತ್ತ ಕೂತು ಬಡಿಯತೊಡಗಿದರು. ಇನೋಕಾ ಬಿಳಿ ಲಂಗ ಉಟ್ಟು, ಬಾವಿಕಟ್ಟೆಯ ಮೇಲೆ ಕೂತು ಮಾತುಗಳನ್ನು ಜೋಡಿಸುತ್ತಿದ್ದಳು. ಮಾಮಾ, ಒಂದು ವಿಷಯ. ಮಾಮಾ, ಬಾಗಿಲು ಮುಟ್ಟಬೇಡಿ. ಮನಸ್ಸಿನಲ್ಲಿ ಎಲ್ಲವೂ ಸಲೀಸಾಗಿ ಬರುತ್ತಿದ್ದವು, ಪೂರ್ತಿ ಪಾಠ ಬಾಯಿಪಾಠ. ಮಾಮ ಎರಡು ಸಲ ಅವಳ ಪಕ್ಕದಲ್ಲೇ ಹಾದುಹೋದರು. ಒಂದು ಸಲ ನಿಂತು, ಅವಳ ತಲೆ ಎಲ್ಲಿದೆ ಎಂದು ತಡಕಿ, ಅದರ ಮೇಲೆ ಕೈಯಿಟ್ಟು, "ಏನು ಮಗಳೇ, ಉಸಿರಾಟ ಜೋರಾಗಿದೆಯಲ್ಲ?" ಅಂದರು. "ಏನಿಲ್ಲ ಮಾಮಾ." ಇದು ಎರಡನೆಯ ಸುಳ್ಳು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅಮರತುಂಗ ಸರ್ ಬಂದರು, ಇಸ್ತ್ರಿ ಮಾಡಿದ ಬಿಳಿ ಸರೋಂಗ್ ಪಂಚೆಯಲ್ಲಿ, ಕೈಯಲ್ಲಿ ಕರಿದ ಕೊಕಿಸ್ ತಿಂಡಿ ತುಂಬಿದ ತಟ್ಟೆ ಹಿಡಿದು. "ಅಂಗಡೀದು ಬಾಸ್, ಬೈಕೋಬೇಡಿ. ಮನೇಲಿ ಮಾಡೋರಿಲ್ಲ." "ಅಯ್ಯೋ ಸರ್, ನೀವು ತಂದಿದ್ದೇ ದೊಡ್ಡದು," ಎಂದು ಅತ್ತೆ ತಟ್ಟೆಗೆ ಕೈ ಚಾಚಿದಳು, ನಕತ್ ಇನ್ನೂ ಬಂದಿಲ್ಲವೆಂದು ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು. ಸರ್ ತಟ್ಟೆ ಹಿಡಿದೇ ನಿಂತರು. ಎಲ್ಲರೂ ಶೆಡ್ಡಿಗೆ ಬಂದರು. ಟೀವಿಯ ಸದ್ದನ್ನು ಅತ್ತೆ ಪೂರ್ತಿ ಏರಿಸಿದ್ದಳು. ಅದರಲ್ಲಿ ಯಾರೋ ಹಿಂದಕ್ಕೆ ಎಣಿಸುತ್ತಿದ್ದರು. ಮಾಮ ಕಾರಿನ ಬೆನ್ನಿನ ಮೇಲೆ ಅಂಗೈ ಆಡಿಸುತ್ತ, ದಾರಿ ಗೊತ್ತಿದ್ದವರ ಹಾಗೆ, ಹಿಂಬಾಗಿಲ ಬಳಿ ಬಂದು ದಕ್ಷಿಣಕ್ಕೆ ತಿರುಗಿ ನಿಂತರು. ಅವರ ಬೆರಳು ಮೇಲೆದ್ದಿತು. ಈಗ ಹೇಳಬೇಕು ಎಂದುಕೊಂಡಳು. ಈಗ. ಗಂಟೆ ಬಾರಿಸಿತು, ಪಟಾಕಿ ಸಿಡಿದವು, ಮಾಮ ಬಾಗಿಲನ್ನು ತಳ್ಳಿದರು.

ಟಕ್.

ಮಾಮ ಮತ್ತೆ ತಳ್ಳಲಿಲ್ಲ. ಅವರ ಬೆರಳು ಮೆಲ್ಲಗೆ ಸಂದಿನಲ್ಲಿ ಮೇಲಿನಿಂದ ಕೆಳಗೆ ಇಳಿಯಿತು. ಕೆಳಗೆ ಹೋಗಿ, ಬಿಟ್ಟುಕೊಂಡ ಕಮಾನಿನ ತುದಿಯ ಮೇಲೆ ನಿಂತಿತು. ಆಮೇಲೆ ಚೌಕಟ್ಟಿನ ಒಳಗೆ ಹೋಗಿ, ಮೂಲೆಯಿಂದ ಮೂಲೆಗೆ, ಅಲ್ಲಿರಬೇಕಾಗಿದ್ದ ಕಂಬಿಯನ್ನು ಗಾಳಿಯಲ್ಲಿ ಹುಡುಕಿತು. ಅಷ್ಟೂ ಹೊತ್ತು ಅವಳು ಆ ಬೆರಳನ್ನೇ ನೋಡಿದಳು. "ಏನಾಯ್ತು ಬಾಸ್?" ಅಂದರು ಸರ್. "ಬಾಗಿಲು ಯಾಕೆ ಹಾಕ್ತಾ ಇಲ್ಲ?" ಮಾಮ ಬೆರಳನ್ನು ಹೊರಗೆ ತೆಗೆದು, ತಮ್ಮ ಬಿಳಿ ಅಂಗಿಗೆ ಒರೆಸಿದರು. ತುಕ್ಕಿನ ಗೆರೆ ಮೂಡಿತು. "ತಪ್ಪು ನನ್ನದು ಸರ್," ಅಂದರು. "ಅಡ್ಡಕಂಬಿ ಹಾಕದೆ ಕೊಯ್ಯಿಸಿಬಿಟ್ಟೆ. ನೋಡ್ಕೋಬೇಕಿತ್ತು. ಆದರೆ ನೋಡೋಕೆ ನನಗೆ ಕಣ್ಣಿಲ್ಲ. ಮೂರು ವರ್ಷ ಆಯ್ತು. ಜನ ಮಾತಾಡ್ಕೊಳ್ಳೋದು ನಿಜ ಸರ್." "ಏನ್ರೀ ಹೇಳ್ತಾ ಇದೀರ, ಒಳ್ಳೇ ಹೊತ್ತಲ್ಲಿ!" ಎಂದು ಅತ್ತೆ ಬಾಯಿಗೆ ಕೈ ಇಟ್ಟಳು. ಹೊರಗೆ ಪಟಾಕಿ ಮುಗಿದು ಹೊಗೆ ಒಳಗೆ ಬಂತು. ಸರ್ ಮಾಮನ ಮುಖದ ಮುಂದೆ ಕೈ ಆಡಿಸಿದರು, ಪರೀಕ್ಷೆ ಮಾಡುವವರ ಹಾಗೆ. ಮಾಮ ಅಲುಗಲಿಲ್ಲ.

ಆ ಕೈ ಆಡಿದ್ದನ್ನು ನೋಡಿ ಅವಳಿಗೆ ಬಾಯಿ ಬಂತು. "ಇಲ್ಲ," ಅಂದಳು. ದನಿ ಒಡೆದ ತಗಡಿನ ಹಾಗಿತ್ತು. "ಮಾಮ ಹೇಳಿದ್ರು. ಮೊದಲು ಅಡ್ಡ ಹಾಕು ಅಂತ ಹೇಳಿದ್ರು. ನಾನು ಹಾಕಿದ್ದೆ. ನೀವು ತೆಗಿ ಅಂದ್ರಿ ಸರ್." "ನಾನಾ?" "ಪುಸ್ತಕದ ಕಟ್ಟಿಗೆ ಅಂತ. ತೆಗೆದೆ. ಮತ್ತೆ ಹಾಕ್ಲಿಲ್ಲ, ಹಾಗೇ ಕೊಯ್ದೆ. ಬೆಳಿಗ್ಗೆ ಮಾಮ ಕೇಳಿದಾಗ ಹಾಕಿದೀನಿ ಅಂತ ಸುಳ್ಳು ಹೇಳಿದೆ. ನೋನಗತೆಯಲ್ಲಿ ಜ್ಯಾಕ್ ಹಾಕಿ ಎತ್ತೋಕೆ ಹೋದೆ, ಒಂದು ಚುಕ್ಕಿ ಬಿಟ್ಟುಕೊಳ್ತು. ಎಲ್ಲಾ ನಾನೇ ಮಾಡಿದ್ದು. ಮೂರು ವರ್ಷದಿಂದ ಎಲ್ಲಾ ಕಾರೂ ನಾನೇ ಮಾಡಿದ್ದು." ಅತ್ತೆ "ಜ್ಯಾಕಾ? ನೋನಗತೆಯಲ್ಲಿ?" ಎಂದು ಗೋಡೆ ಹಿಡಿದುಕೊಂಡಳು. ಸರ್ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ತೆಗೀಬಾರದು ಅಂತ ಒಂದು ಮಾತು ಹೇಳಬಾರದಿತ್ತಾ ನೀನು?" "ಬಾಯಿಲ್ಲ ಅಂತ ನೀವೇ ಹೇಳಿದ್ರಲ್ಲ ಸರ್." ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಾಜರಿ ಹೇಳಿದ ಹಾಗೆ ಹೇಳಿದಳು. ರಬಾನ ಬಡಿಯುವವರು ಯಾವುದಕ್ಕೋ ಜೋರಾಗಿ ನಕ್ಕರು.

ಸರ್ ಕಾರನ್ನು ನೋಡಿದರು, ಗೋಡೆಗೆ ಒರಗಿದ್ದ ಕಂಬಿಯನ್ನು ನೋಡಿದರು. ಕಂಬಿಯ ಒಂದು ತುದಿಯಲ್ಲಿ ಮುರಿದ ಚುಕ್ಕಿ ಇನ್ನೂ ಹೊಳೆಯುತ್ತಿತ್ತು. ಕಾರನ್ನು ತಳ್ಳಿಕೊಂಡು ಬೇರೆ ಶೆಡ್ಡಿಗೆ ಹೋಗುತ್ತೇನೆ ಎಂದು ಅವರು ಹೇಳಬಹುದಿತ್ತು. ಅವಳು ಅದಕ್ಕೆ ಕಾಯುತ್ತಿದ್ದಳು. "ಹದಿನಾರಕ್ಕೆ ಆಗುತ್ತಾ ಬಾಸ್?" ಅಂದರು ಕೊನೆಗೆ. ಮಾಮ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿ ನಿಂತರು. ಉತ್ತರ ತಾನು ಹೇಳಬೇಕು ಎಂದು ಅವಳಿಗೆ ಅರ್ಥವಾಯಿತು. "ಆಗಲ್ಲ ಸರ್," ಅಂದಳು. "ಇದನ್ನೆಲ್ಲಾ ಮತ್ತೆ ಕೊಯ್ದು ತೆಗೀಬೇಕು. ಹದಿನೆಂಟು." "ಹದಿನೆಂಟು," ಎಂದು ಸರ್ ಗೊಣಗಿದರು. "ಅವಳು ನನ್ನ ಸುಮ್ನೆ ಬಿಡಲ್ಲ. ಬಸ್ಸಲ್ಲಿ ಹೋಗಬೇಕು." ಆದರೂ ಅವರು ಹೋಗಲಿಲ್ಲ. "ವರ್ಷದ ಮೊದಲ ಕೆಲಸಕ್ಕೇ ಕಟ್ಟಿದ್ದನ್ನ ಕೊಯ್ಯೋದಾ?" ಅತ್ತೆಗೆ ಅಳು ಬರುವುದರಲ್ಲಿತ್ತು. "ಕೊಯ್ದೇ ತಾನೇ ಕಟ್ಟೋದು. ಹೊತ್ತು ಮೀರೋದ್ರೊಳಗೆ ಶುರು ಮಾಡು ಮಗಳೇ," ಅಂದರು ಮಾಮ. ಅವಳನ್ನು ಕ್ಷಮಿಸಿದರೋ ಇಲ್ಲವೋ ಆ ದನಿಯಿಂದ ತಿಳಿಯಲಿಲ್ಲ. ಅದು ಕೆಲಸದ ದನಿ.

ಅವಳು ಕಟರ್ ಹಚ್ಚಿ ಹನ್ನೊಂದು ಚುಕ್ಕಿಗಳನ್ನು ಒಂದೊಂದಾಗಿ ಕೊಯ್ದಳು. ಬಿಳಿ ಲಂಗದ ಮೇಲೆ ಕಿಡಿ ಬಿದ್ದು ಸಣ್ಣ ಸಣ್ಣ ತೂತಾದವು. ಕಮಾನನ್ನು ಬಿಡಿಸಿ ಕೆಳಗಿಟ್ಟು, ಬಾಲದ ಕೆಳಗೆ ಜ್ಯಾಕ್ ಇಟ್ಟಳು. ಮಾಮ ಬಾಗಿಲನ್ನು ಮುಂದಕ್ಕೆ ತಂದು ಹಿಡಿದು, ಸಂದಿನಲ್ಲಿ ಬೆರಳಿಟ್ಟು ನಿಂತರು. ಅವಳು ತಿರುಗಿಸಿದಳು. "ಇನ್ನೂ," ಅಂದರು. "ಇನ್ನೂ. ಕಾಲು ಸುತ್ತು. ನಿಲ್ಲಿಸು." ಬೆರಳು ಮೇಲಿನಿಂದ ಕೆಳಗೆ ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಸಮನೆ ಇಳಿಯಿತು. ಅವಳು ಗೋಡೆಗೆ ತೂಗುಹಾಕಿದ್ದ ಕೆಲಸದ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ಕಂಬಿ ಕೂರುವ ಎರಡು ಮೂಲೆಗೂ ಗುರುತು ಹಾಕಿದಳು, ಕಂಬಿ ತಂದು ಹಿಡಿದಳು, ವೆಲ್ಡಿಂಗ್ ಕನ್ನಡಕವನ್ನು ಕಣ್ಣಿನ ಮೇಲೆ ಇಳಿಸಿಕೊಂಡಳು. ಸರ್ ಕುರ್ಚಿ ಎಳೆದುಕೊಂಡು ನಿನ್ನೆಯ ಜಾಗದಲ್ಲೇ ಕೂತಿದ್ದರು, ತಟ್ಟೆ ತೊಡೆಯ ಮೇಲೆ, ಬಿಡದೆ ನೋಡುತ್ತ.

"ಹಾಗೆ ನೋಡಬೇಡಿ ಸರ್," ಅಂದಳು ಇನೋಕಾ. "ಕಣ್ಣಿಗೆ ಹೊಡೆಯುತ್ತೆ. ಗೋಡೆ ಕಡೆ ಮುಖ ಮಾಡಿ."

ಸರ್ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಎದ್ದು, ಕುರ್ಚಿಯನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು. ಅವಳು ಕಡ್ಡಿಯನ್ನು ಕಂಬಿಗೆ ತಾಗಿಸಿದಳು. ಶೆಡ್ಡೆಲ್ಲ ನೀಲಿಯಾಯಿತು. ಮಾಮ ಒಬ್ಬರೇ ಮುಖ ತಿರುಗಿಸಲಿಲ್ಲ. ಬಾಗಿಲ ಸಂದಿನಲ್ಲಿ ಬೆರಳಿಟ್ಟು, ಆ ಬೆಳಕಿಗೆ ನೇರವಾಗಿ ಮುಖ ಕೊಟ್ಟು, ಸದ್ದು ಕೇಳುತ್ತ ನಿಂತಿದ್ದರು.